ಲೆಕ್ಕದ ವೃತ್ತಿಗೆ ಮೊದಲ ಎರಡು ವರ್ಷ: ಆರ್ಟಿಕಲ್‌ಶಿಪ್‌ಗೆ ಸೇರುವ ಮುನ್ನ ತಿಳಿದಿರಬೇಕಾದದ್ದು

ಪಿಯುಸಿ ಫಲಿತಾಂಶ ಬಂದ ವಾರ ವಾಣಿಜ್ಯ ವಿಭಾಗದ ಮಕ್ಕಳಿರುವ ಮನೆಗಳಲ್ಲಿ ಒಂದೇ ಮಾತು: ಸಿಎ ಮಾಡಿಸುವುದೋ, ಬಿ.ಕಾಂ. ಸಾಕೋ. ಯಾವ ಕೋಚಿಂಗ್ ಒಳ್ಳೆಯದು, ಶುಲ್ಕ ಎಷ್ಟು, ಮಂಗಳೂರೋ ಬೆಂಗಳೂರೋ ಎಂದು ನಾಲ್ಕಾರು ಕಡೆ ವಿಚಾರಿಸುತ್ತಾರೆ. ಒಂದೂವರೆ ವರ್ಷ ಕಳೆದ ಮೇಲೆ ಅದೇ ಮನೆಯಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಮಗಳು ಇಂಟರ್‌ಮೀಡಿಯೆಟ್ ಪಾಸಾಗಿದ್ದಾಳೆ, ಇನ್ನು ಆರ್ಟಿಕಲ್‌ಶಿಪ್‌ಗೆ ಯಾರ ಹತ್ತಿರ ಸೇರಿಸಬೇಕು? ಇದಕ್ಕೆ ಮಾತ್ರ ಹೆಚ್ಚಿನ ವಿಚಾರಣೆ ನಡೆಯುವುದಿಲ್ಲ. ಪರಿಚಯದ ಆಡಿಟರ್ ಒಬ್ಬರು ‘ಕಳಿಸಿ’ ಎಂದರೆ ಮುಗಿಯಿತು. ಆದರೆ ಮುಂದೆ ಆ ಹುಡುಗಿ ಎಂಥ ಕೆಲಸಕ್ಕೆ ಹೋಗುತ್ತಾಳೆ, ಏನನ್ನು ಧೈರ್ಯವಾಗಿ ಮಾಡಬಲ್ಲಳು ಎಂಬುದು ಕೋಚಿಂಗಿಗಿಂತ ಹೆಚ್ಚಾಗಿ ಈ ಎರಡು ವರ್ಷಗಳಲ್ಲೇ ತೀರ್ಮಾನವಾಗುತ್ತದೆ.

ಲೆಕ್ಕಪತ್ರ ಮತ್ತು ಹಣಕಾಸಿನ ಕ್ಷೇತ್ರದಲ್ಲಿ ಇಂಟರ್ನ್‌ಶಿಪ್ ಎಂಬ ಹೆಸರಿನಲ್ಲಿ ಹಲವು ಬಗೆಯ ತರಬೇತಿಗಳಿವೆ. ಕಾಲೇಜಿನ ಎರಡು ತಿಂಗಳ ಇಂಟರ್ನ್‌ಶಿಪ್ ಇದೆ, ಕಂಪನಿಗಳ ಆರು ತಿಂಗಳ ತರಬೇತಿ ಇದೆ, ಸರ್ಕಾರದ ಯೋಜನೆಗಳಿವೆ. ಇವುಗಳಲ್ಲಿ ಹಳೆಯದೂ ಗಟ್ಟಿಯಾದದ್ದೂ ಸಿಎ ವಿದ್ಯಾರ್ಥಿಗಳ ಆರ್ಟಿಕಲ್‌ಶಿಪ್. ಆದ್ದರಿಂದ ಮೊದಲು ಅದರ ಮಾತು.

ಈಗಿನ ನಿಯಮ ಏನು ಹೇಳುತ್ತದೆ

ಇನ್‌ಸ್ಟಿಟ್ಯೂಟ್ ಆಫ್ ಚಾರ್ಟರ್ಡ್ ಅಕೌಂಟೆಂಟ್ಸ್ ಆಫ್ ಇಂಡಿಯಾ, ಅಂದರೆ ಐಸಿಎಐ, ಸಂಸತ್ತಿನ ಕಾಯ್ದೆಯ ಮೂಲಕ 1949ರ ಜುಲೈ 1ರಂದು ಅಸ್ತಿತ್ವಕ್ಕೆ ಬಂತು. ಪಾಠ ಪುಸ್ತಕದಿಂದ, ಲೆಕ್ಕ ಕಚೇರಿಯಿಂದ ಎಂಬ ಪದ್ಧತಿ ಅಂದಿನಿಂದಲೂ ಇದೆ. ಮೊದಲು ಮೂರು ವರ್ಷ ಇದ್ದ ಆರ್ಟಿಕಲ್‌ಶಿಪ್ ಅವಧಿಯನ್ನು 2023ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಶಿಕ್ಷಣ ಯೋಜನೆ ಎರಡು ವರ್ಷಕ್ಕೆ ಇಳಿಸಿತು. ಮನೆಯ ಹಿರಿಯರಲ್ಲಿ, ನೆಂಟರಲ್ಲಿ ಸಿಎ ಆದವರು ಇದ್ದರೆ ಅವರು ಹೇಳುವ ಲೆಕ್ಕ ಹಳೆಯ ಯೋಜನೆಯದ್ದು. ಅದನ್ನೇ ನಂಬಿ ವರ್ಷಗಳನ್ನು ಎಣಿಸಬಾರದು.

ಈಗಿನ ದಾರಿ ಹೀಗಿದೆ. ಪಿಯುಸಿ ಆದ ಮೇಲೆ ಫೌಂಡೇಶನ್ ಪರೀಕ್ಷೆ. ಹತ್ತನೇ ತರಗತಿ ಮುಗಿದ ಮೇಲೆಯೇ ಅದಕ್ಕೆ ಹೆಸರು ನೋಂದಾಯಿಸಬಹುದು. ಅನಂತರ ಎಂಟು ತಿಂಗಳ ಅಧ್ಯಯನ, ಇಂಟರ್‌ಮೀಡಿಯೆಟ್‌ನ ಎರಡು ಗ್ರೂಪುಗಳ ಆರು ಪತ್ರಿಕೆ. ಬಿ.ಕಾಂ. ಅಥವಾ ಎಂ.ಕಾಂ.ನಲ್ಲಿ ಶೇ. 55 ಅಂಕ ಇದ್ದವರು, ಬೇರೆ ಪದವಿಯಲ್ಲಿ ಶೇ. 60 ಇದ್ದವರು ಫೌಂಡೇಶನ್ ಬರೆಯದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಬರಬಹುದು. ಹಳೆಯ ಯೋಜನೆಯಲ್ಲಿ ಒಂದು ಗ್ರೂಪ್ ಪಾಸಾದರೂ ಆರ್ಟಿಕಲ್‌ಶಿಪ್ ಸೇರಲು ಅವಕಾಶವಿತ್ತು. ಈಗ ಎರಡೂ ಗ್ರೂಪ್ ಪಾಸಾಗಬೇಕು. ಜೊತೆಗೆ ಕಂಪ್ಯೂಟರ್ ಮತ್ತು ಮಾತುಗಾರಿಕೆ, ನಡವಳಿಕೆಗಳ ನಾಲ್ಕು ವಾರದ ಕಡ್ಡಾಯ ತರಬೇತಿ ಮುಗಿದಿರಬೇಕು. ಎರಡು ವರ್ಷದ ಆರ್ಟಿಕಲ್‌ಶಿಪ್ ಮುಗಿದ ಮೇಲೆ ಆರು ತಿಂಗಳು ಬಿಡುವು, ಆಮೇಲೆ ಫೈನಲ್ ಪರೀಕ್ಷೆ. ಎಲ್ಲವೂ ಮೊದಲ ಯತ್ನದಲ್ಲೇ ಆದರೆ ಪಿಯುಸಿಯಿಂದ ಸುಮಾರು ಮೂರೂವರೆ ವರ್ಷ. ಎಲ್ಲರಿಗೂ ಹಾಗೆ ಆಗುವುದಿಲ್ಲ. ಒಂದೆರಡು ಯತ್ನ ಹೆಚ್ಚಾದರೆ ಅದು ಅಪಮಾನವಲ್ಲ, ಈ ಪರೀಕ್ಷೆಯ ಸ್ವಭಾವ ಎಂದು ಮನೆಯವರು ಮೊದಲೇ ತಿಳಿದಿದ್ದರೆ ಮಕ್ಕಳಿಗೆ ಉಸಿರಾಡಲು ಜಾಗ ಇರುತ್ತದೆ.

ಆ ಆರು ತಿಂಗಳ ಬಿಡುವು ಹೊಸ ಯೋಜನೆಯ ದೊಡ್ಡ ಉಪಕಾರ. ಮೊದಲು ವಿದ್ಯಾರ್ಥಿಗಳು ಆರ್ಟಿಕಲ್‌ಶಿಪ್‌ನ ಕೊನೆಯ ತಿಂಗಳುಗಳಲ್ಲಿ ರಜೆ ಹಾಕಿ ಓದಲು ಕೂರುತ್ತಿದ್ದರು. ಕಚೇರಿಯವರಿಗೆ ಕೆಲಸ ನಿಂತ ಸಿಟ್ಟು, ವಿದ್ಯಾರ್ಥಿಗೆ ಓದಲು ಸಮಯ ಸಾಲದ ಚಿಂತೆ. ಈಗ ಎರಡನ್ನೂ ಬೇರೆ ಮಾಡಿದ್ದಾರೆ. ಅದರ ಬೆಲೆಯೆಂದರೆ ರಜೆ ಕಡಿಮೆ: ವರ್ಷಕ್ಕೆ 12 ದಿನ, ಎರಡು ವರ್ಷಕ್ಕೆ 24. ಅದಕ್ಕಿಂತ ಹೆಚ್ಚು ರಜೆ ಹಾಕಿದರೆ ಅಷ್ಟು ದಿನ ಹೆಚ್ಚು ಕೆಲಸ ಮಾಡಿಕೊಡಬೇಕು.

ನಮ್ಮ ಮನೆಗಳಿಗೆ ಇಲ್ಲಿ ಒಂದು ಇಕ್ಕಟ್ಟಿದೆ. ಭಾದ್ರಪದದ ದಶಲಕ್ಷಣ ಪರ್ವದ ಹತ್ತು ದಿನ ಬರುವುದು ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್‌ನಲ್ಲಿ. ತೆರಿಗೆ ಆಡಿಟ್ ವರದಿ ಸಲ್ಲಿಸುವ ಗಡುವು ಸಾಮಾನ್ಯವಾಗಿ ಸೆಪ್ಟೆಂಬರ್ 30. ವರ್ಷದಲ್ಲಿ ಕಚೇರಿ ಅತಿ ಹೆಚ್ಚು ಬಿಡುವಿಲ್ಲದೆ ಇರುವ ತಿಂಗಳದು. ಆಗ ಹತ್ತು ದಿನ ರಜೆ ಕೇಳಿದರೆ ಸಿಗುವುದು ಕಷ್ಟ, ಸಿಕ್ಕರೂ ವರ್ಷದ ರಜೆ ಅಲ್ಲಿಗೇ ಮುಗಿಯುತ್ತದೆ. ಹೆಚ್ಚಿನ ವಿದ್ಯಾರ್ಥಿಗಳು ಕಂಡುಕೊಂಡಿರುವ ದಾರಿ ಬೆಳಗಿನ ಪೂಜೆ ಮುಗಿಸಿ ಕಚೇರಿಗೆ ಹೋಗುವುದು, ಅನಂತ ಚತುರ್ದಶಿಯಂಥ ಒಂದೆರಡು ದಿನ ಮಾತ್ರ ರಜೆ ಹಾಕುವುದು. ಇನ್ನೊಂದು ಸಂಗತಿ ಸಂಜೆಯ ಊಟ. ಸೂರ್ಯಾಸ್ತದ ಮೊದಲು ಊಟ ಮುಗಿಸುವ ಮಕ್ಕಳು ಅದನ್ನು ಸೇರುವ ದಿನವೇ ಹೇಳಿಬಿಡುವುದು ಒಳ್ಳೆಯದು. ಡಬ್ಬಿ ತಂದು ಐದೂವರೆಗೆ ಹತ್ತು ನಿಮಿಷ ಎದ್ದು ಹೋಗುವುದಕ್ಕೆ ಅಡ್ಡಿ ಮಾಡುವ ಕಚೇರಿಗಳು ಕಡಿಮೆ. ಹೇಳದೆ ಸುಮ್ಮನಿದ್ದು ಗಡುವಿನ ದಿನ ಎದ್ದು ಹೋದರೆ ಮಾತ್ರ ತಪ್ಪು ತಿಳಿಯುತ್ತಾರೆ. ಪರ ಊರಿನ ಆಡಿಟ್‌ಗೆ ಹೋದಾಗ ಊಟದ ವ್ಯವಸ್ಥೆ ತಾವೇ ನೋಡಿಕೊಳ್ಳಬೇಕಾಗುತ್ತದೆ ಎಂಬುದನ್ನೂ ಮನೆಯಲ್ಲಿ ಮೊದಲೇ ಮಾತಾಡಿರಬೇಕು.

ಕಚೇರಿಯಲ್ಲಿ ನಿಜವಾಗಿ ಏನು ನಡೆಯುತ್ತದೆ

ಮೊದಲ ತಿಂಗಳು ವೋಚರ್ ನೋಡುವುದು. ಕಟ್ಟು ಕಟ್ಟಾಗಿ ಬಿಲ್ಲುಗಳು, ರಸೀದಿಗಳು; ಒಂದೊಂದನ್ನೂ ಟ್ಯಾಲಿಯಲ್ಲಿರುವ ನಮೂದಿನ ಜೊತೆ ತಾಳೆ ನೋಡಬೇಕು. ಇಷ್ಟು ಓದಿದ್ದು ಇದಕ್ಕೇನಾ ಎಂದು ಮಗ ಫೋನಿನಲ್ಲಿ ಗೊಣಗುವುದು ಈ ತಿಂಗಳಲ್ಲೇ. ಆದರೆ ಕಣ್ಣು ಪಳಗುವುದು ಇಲ್ಲೇ. ಒಬ್ಬ ವ್ಯಕ್ತಿಗೆ ಒಂದೇ ದಿನ ಹತ್ತು ಸಾವಿರ ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ವೆಚ್ಚವನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಒಪ್ಪುವುದಿಲ್ಲ ಎಂದು ಪುಸ್ತಕದಲ್ಲಿ ಎಲ್ಲರೂ ಓದಿರುತ್ತಾರೆ. ಒಂದೇ ಕೂಲಿ ಮೇಸ್ತ್ರಿಯ ಹೆಸರಿನಲ್ಲಿ ಒಂದೇ ದಿನ 9,500 ರೂಪಾಯಿಯ ಎರಡು ವೋಚರ್ ಬೇರೆ ಬೇರೆ ಪುಟದಲ್ಲಿ ಕಂಡಾಗ ನಿಲ್ಲಬೇಕು ಎಂದು ಹೊಳೆಯುವುದು ನೂರಾರು ವೋಚರ್ ನೋಡಿದ ಮೇಲೆಯೇ.

ಅನಂತರ ಜಿಎಸ್‌ಟಿ. ಪ್ರತಿ ತಿಂಗಳು ಲೆಕ್ಕ ಸಲ್ಲಿಸುವವರು ಮಾರಾಟದ ವಿವರವನ್ನು ಮುಂದಿನ ತಿಂಗಳ 11ರೊಳಗೆ, ತೆರಿಗೆಯ ರಿಟರ್ನನ್ನು 20ರೊಳಗೆ ಕೊಡಬೇಕು. ಈ ಎರಡು ದಿನಾಂಕಗಳ ನಡುವೆ ಕಚೇರಿಯಲ್ಲಿ ನಡೆಯುವ ಮುಖ್ಯ ಕೆಲಸ ಖರೀದಿಯ ತಾಳೆ. ಅಂಗಡಿಯವರು ಒಂದು ಲಕ್ಷ ರೂಪಾಯಿಯ ಸರಕಿಗೆ ಶೇ. 18ರಂತೆ 18,000 ರೂಪಾಯಿ ತೆರಿಗೆ ಕೊಟ್ಟು ಕೊಂಡಿದ್ದಾರೆ, ಬಿಲ್ಲು ಕೈಯಲ್ಲಿದೆ. ಆದರೆ ಸರಕು ಕೊಟ್ಟವನು ತನ್ನ ವಿವರ ಸಲ್ಲಿಸದಿದ್ದರೆ ಪೋರ್ಟಲಿನ 2ಬಿ ಪಟ್ಟಿಯಲ್ಲಿ ಅದು ಕಾಣುವುದಿಲ್ಲ, ಆ ತಿಂಗಳು 18,000 ರೂಪಾಯಿಯ ಕ್ರೆಡಿಟ್ ಸಿಗುವುದಿಲ್ಲ. ಆ ಪಟ್ಟಿಯನ್ನೂ ಅಂಗಡಿಯ ಲೆಕ್ಕವನ್ನೂ ಎಕ್ಸೆಲ್‌ನಲ್ಲಿ ಪಕ್ಕ ಪಕ್ಕ ಇಟ್ಟು ಯಾವ ಬಿಲ್ಲು ತಪ್ಪಿದೆ ಎಂದು ಹುಡುಕಿ, ಅಂಗಡಿಯವರಿಗೆ ಫೋನು ಮಾಡಿ, ಅವರು ಸರಕು ಕೊಟ್ಟವನಿಗೆ ಫೋನು ಮಾಡಿ... ಇದು ತಿಂಗಳು ತಿಂಗಳೂ ನಡೆಯುವ ಕೆಲಸ. ಲೆಕ್ಕದ ಜೊತೆಗೆ, ಬೇಸರಗೊಂಡಿರುವ ವ್ಯಾಪಾರಿಯ ಜೊತೆ ಸಮಾಧಾನವಾಗಿ ಮಾತಾಡುವುದನ್ನೂ ಇಪ್ಪತ್ತರ ಹುಡುಗ ಇಲ್ಲಿ ಕಲಿಯುತ್ತಾನೆ.

ಮಾರ್ಚ್ 31 ಬಂದರೆ ದಾಸ್ತಾನು ಎಣಿಕೆ. ಗೋದಾಮಿನಲ್ಲಿ ಮೂಟೆ ಎಣಿಸಬೇಕು, ಕೆಲವನ್ನು ತೂಗಿಸಿ ನೋಡಬೇಕು. ಅಡಿಕೆ ವ್ಯಾಪಾರಿಯ ಮಂಡಿಯಲ್ಲಿ ಮೂಟೆಯ ಸಂಖ್ಯೆ ಸರಿಯಿದ್ದರೆ ಸಾಲದು, ಯಾವ ಮೂಟೆಯಲ್ಲಿ ಯಾವ ದರ್ಜೆಯ ಅಡಿಕೆ ಇದೆ ಎಂಬುದರ ಮೇಲೆ ಬೆಲೆ ನಿಂತಿರುತ್ತದೆ. ಅಂಗಡಿಯ ಮಕ್ಕಳಿಗೆ ಇದು ಹೊಸದಲ್ಲ. ಅಪ್ಪನ ಅಂಗಡಿಯಲ್ಲಿ ಬೇಸಿಗೆ ರಜೆ ಕಳೆದವರು ಇಲ್ಲಿ ಇತರರಿಗಿಂತ ಒಂದು ಹೆಜ್ಜೆ ಮುಂದಿರುತ್ತಾರೆ. ಸರಕು ಕಾಗದದಲ್ಲಿ ಒಂದು ರೀತಿ, ನೆಲದ ಮೇಲೆ ಇನ್ನೊಂದು ರೀತಿ ಇರಬಹುದು ಎಂಬುದು ಅವರಿಗೆ ಹೇಳಿಕೊಡಬೇಕಾಗಿಲ್ಲ.

ಏಪ್ರಿಲ್‌ನಲ್ಲಿ ಬ್ಯಾಂಕ್ ಶಾಖೆಗಳ ಆಡಿಟ್. ಆರ್ಟಿಕಲ್‌ಶಿಪ್ ಮಾಡಿದವರನ್ನು ಯಾವ ಕೆಲಸ ಹೆಚ್ಚು ಕಲಿಸಿತು ಎಂದು ಕೇಳಿದರೆ ಹಲವರು ಹೇಳುವುದು ಇದನ್ನೇ. ಸಾರ್ವಜನಿಕ ವಲಯದ ಬ್ಯಾಂಕುಗಳ ಆಯ್ದ ಶಾಖೆಗಳಿಗೆ ವರ್ಷದ ಕೊನೆಯಲ್ಲಿ ಆಡಿಟರುಗಳನ್ನು ನೇಮಿಸುತ್ತಾರೆ, ಕೆಲಸ ಕೆಲವೇ ದಿನಗಳಲ್ಲಿ ಮುಗಿಯಬೇಕು. ಪ್ರಿನ್ಸಿಪಾಲ್, ಅಂದರೆ ತರಬೇತಿ ಕೊಡುವ ಸಿಎ, ಇಬ್ಬರು ಮೂವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಶಾಖೆಯಲ್ಲಿ ಕೂರುತ್ತಾರೆ. ಸಾಲದ ಕಡತಗಳು ಒಂದೊಂದಾಗಿ ಬರುತ್ತವೆ. ಕಂತೋ ಬಡ್ಡಿಯೋ 90 ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ ಆ ಸಾಲ ಅನುತ್ಪಾದಕ ಎಂಬುದು ಸಾಮಾನ್ಯ ನಿಯಮ. ಬೆಳೆ ಸಾಲಕ್ಕೆ ಲೆಕ್ಕ ಬೆಳೆಯ ಋತುವಿನ ಮೇಲೆ. ನಿಯಮ ಸರಳ. ಆದರೆ ಮಾರ್ಚ್ 30ರಂದು ಬೇರೊಂದು ಖಾತೆಯಿಂದ ಹಣ ಬಂದು ಬಾಕಿ ತೀರಿದೆ, ಏಪ್ರಿಲ್ 2ರಂದು ಅದೇ ಮೊತ್ತ ವಾಪಸು ಹೋಗಿದೆ ಎಂದರೆ ಅದನ್ನು ಏನೆಂದು ತಿಳಿಯಬೇಕು? ವ್ಯಾಪಾರಿ ಕೊಟ್ಟ ದಾಸ್ತಾನು ಪಟ್ಟಿಯಲ್ಲಿ ಆರು ತಿಂಗಳಿಂದ ಅದೇ ಸಂಖ್ಯೆ ಇದ್ದರೆ ಅದರ ಮೇಲೆ ಎಷ್ಟು ಸಾಲ ತೆಗೆಯಲು ಬಿಡಬಹುದು? ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ ಈ ಪ್ರಶ್ನೆಯನ್ನು ಶಾಖೆಯ ಮ್ಯಾನೇಜರನ್ನೇ ಕೇಳಬೇಕಾಗುತ್ತದೆ, ಮರ್ಯಾದೆಯಿಂದ, ಆದರೆ ಉತ್ತರ ಸಿಗುವವರೆಗೆ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, ಮರುವರ್ಷ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದ ಕರಾವಳಿಯಲ್ಲಿ ಲೆಕ್ಕದ ವೃತ್ತಿ ಬೇರು ಬಿಟ್ಟದ್ದು ಆಶ್ಚರ್ಯವಲ್ಲ. ಇವುಗಳಲ್ಲಿ ಮೂರು ಈಗ ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿವೆ.

ಸಣ್ಣ ಕಚೇರಿಯೋ, ದೊಡ್ಡ ಫರ್ಮೋ

ಡೆಲಾಯ್ಟ್, ಪಿಡಬ್ಲ್ಯುಸಿ, ಇವೈ, ಕೆಪಿಎಂಜಿ ಈ ನಾಲ್ಕರ ಹೆಸರು ಕೇಳಿದರೆ ಮನೆಯಲ್ಲಿ ಎಲ್ಲರಿಗೂ ಖುಷಿ. ನಾಲ್ಕಕ್ಕೂ ಬೆಂಗಳೂರಿನಲ್ಲಿ ದೊಡ್ಡ ಕಚೇರಿಗಳಿವೆ. ಅಲ್ಲಿ ಸೇರಿದವರಿಗೆ ದೊಡ್ಡ ಕಂಪನಿಗಳ ಆಡಿಟ್ ಹೇಗೆ ನಡೆಯುತ್ತದೆ, ಕೆಲಸದ ಕಾಗದಗಳನ್ನು ಹೇಗೆ ಜೋಡಿಸಿಡಬೇಕು, ಇಮೇಲ್ ಹೇಗೆ ಬರೆಯಬೇಕು ಎಂಬ ಶಿಸ್ತು ಬರುತ್ತದೆ. ಸ್ಟೈಪೆಂಡೂ ಹೆಚ್ಚು. ಮುಂದೆ ಕೆಲಸ ಹುಡುಕುವಾಗ ಹೆಸರಿನ ಬೆಲೆಯೂ ಇದೆ. ಆದರೆ ಎರಡು ವರ್ಷವೂ ಒಂದೇ ವಿಭಾಗದಲ್ಲಿ, ಕೆಲವೊಮ್ಮೆ ಒಂದೇ ಕಂಪನಿಯ ಲೆಕ್ಕದ ಒಂದೇ ತುಣುಕಿನಲ್ಲಿ ಕಳೆಯಬೇಕಾಗಬಹುದು. ಸಿಎ ಪಾಸಾಗಿ ಒಂದು ಆದಾಯ ತೆರಿಗೆ ರಿಟರ್ನನ್ನೂ ಸ್ವತಃ ಸಲ್ಲಿಸದವರು ಇದ್ದಾರೆ.

ಹಾಸನ, ಶಿವಮೊಗ್ಗ, ಹುಬ್ಬಳ್ಳಿ, ಬೆಳಗಾವಿಯ ಸಣ್ಣ ಕಚೇರಿಯಲ್ಲಿ ಇದರ ತಿರುಗುಮುರುಗು. ಬೆಳಿಗ್ಗೆ ಅಕ್ಕಿ ಗಿರಣಿಯ ಜಿಎಸ್‌ಟಿ, ಮಧ್ಯಾಹ್ನ ಪತ್ತಿನ ಸಹಕಾರ ಸಂಘದ ಆಡಿಟ್, ಸಂಜೆ ವೈದ್ಯರೊಬ್ಬರ ರಿಟರ್ನ್, ನಡುವೆ ಆದಾಯ ತೆರಿಗೆ ಇಲಾಖೆಯ ನೋಟಿಸಿಗೆ ಉತ್ತರ. ಎಲ್ಲವನ್ನೂ ಕೈಯಾರೆ ಮಾಡಿ ಕಲಿಯುತ್ತಾರೆ. ಮುಂದೆ ಸ್ವಂತ ಕಚೇರಿ ತೆರೆಯುವ, ಅಥವಾ ಮನೆಯ ವ್ಯಾಪಾರಕ್ಕೆ ಮರಳುವ ಆಲೋಚನೆ ಇದ್ದವರಿಗೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಕೊರತೆ ಏನೆಂದರೆ ಎಲ್ಲವೂ ಪ್ರಿನ್ಸಿಪಾಲರ ಮೇಲೆ ನಿಂತಿದೆ. ಅವರು ಕಲಿಸುವವರಾದರೆ ಚಿನ್ನ. ಇಲ್ಲವಾದರೆ ಎರಡು ವರ್ಷ ಟ್ಯಾಲಿಯಲ್ಲಿ ನಮೂದು ಮಾಡುವುದರಲ್ಲೇ ಕಳೆದುಹೋಗುತ್ತದೆ. ಇವೆರಡರ ನಡುವಿನ, ಐದಾರು ಪಾಲುದಾರರಿರುವ ಮಧ್ಯಮ ಗಾತ್ರದ ಫರ್ಮುಗಳ ಹೆಸರು ಮನೆಮಾತುಗಳಲ್ಲಿ ಕೇಳಿಬರುವುದಿಲ್ಲ. ಆದರೆ ಇನ್ನೂ ಏನಾಗಬೇಕು ಎಂದು ನಿರ್ಧರಿಸಿರದ ವಿದ್ಯಾರ್ಥಿಗೆ ಹೆಚ್ಚಾಗಿ ಹೊಂದುವುದು ಅವೇ.

ಆದ್ದರಿಂದ ಸೇರುವ ಮೊದಲು ಆ ಕಚೇರಿಯಲ್ಲಿ ಈಗ ಇರುವ ಅಥವಾ ಈಚೆಗೆ ಮುಗಿಸಿದ ವಿದ್ಯಾರ್ಥಿಯೊಬ್ಬರನ್ನು ಮಾತಾಡಿಸಬೇಕು. ಕಳೆದ ವರ್ಷ ಯಾವ ಯಾವ ಬಗೆಯ ಕೆಲಸ ಸಿಕ್ಕಿತು, ತಪ್ಪು ಮಾಡಿದಾಗ ತಿದ್ದಿ ಹೇಳುವವರು ಯಾರು, ಸಂಜೆ ಎಷ್ಟು ಹೊತ್ತಿಗೆ ಬಿಡುತ್ತಾರೆ, ಹೆಣ್ಣುಮಕ್ಕಳು ತಡವಾದಾಗ ಮನೆಗೆ ಹೋಗುವ ವ್ಯವಸ್ಥೆ ಏನು? ನಿಯಮದ ಪ್ರಕಾರ ಕೆಲಸದ ಅವಧಿ ವಾರಕ್ಕೆ 35 ಗಂಟೆ. ಗಡುವಿನ ದಿನಗಳಲ್ಲಿ ಅದು ಮೀರುವುದು ಎಲ್ಲ ಕಚೇರಿಗಳಲ್ಲೂ ಇದೆ. ವರ್ಷವಿಡೀ ಮೀರುವ ಕಚೇರಿ ಯಾವುದು ಎಂಬುದನ್ನು ಅಲ್ಲಿದ್ದವರೇ ಹೇಳಬೇಕು. ಒಮ್ಮೆ ಸೇರಿದ ಮೇಲೆ ಬದಲಾಯಿಸುವುದು ಸುಲಭವಲ್ಲ. ಅದಕ್ಕೆ ಐಸಿಎಐ ಒಪ್ಪುವ ಕಾರಣ ಬೇಕು, ಪ್ರಿನ್ಸಿಪಾಲರ ಸಹಿ ಬೇಕು.

ಎರಡನೇ ವರ್ಷದಲ್ಲಿ ಇನ್ನೊಂದು ಬಾಗಿಲು ತೆರೆಯುತ್ತದೆ. ತರಬೇತಿಯ ಕೊನೆಯ ಒಂಬತ್ತರಿಂದ ಹನ್ನೆರಡು ತಿಂಗಳನ್ನು ಐಸಿಎಐ ಮಾನ್ಯತೆ ಇರುವ ಕಂಪನಿಯಲ್ಲಿ, ಅಲ್ಲಿನ ಸಿಎ ಒಬ್ಬರ ಕೆಳಗೆ ಮಾಡಬಹುದು. ಇದನ್ನು ಇಂಡಸ್ಟ್ರಿಯಲ್ ಟ್ರೈನಿಂಗ್ ಎನ್ನುತ್ತಾರೆ. ಊರಿನ ಕಚೇರಿಯಲ್ಲಿ ಮೊದಲ ವರ್ಷ ಗಟ್ಟಿಯಾಗಿ ಕಲಿತು, ಎರಡನೇ ವರ್ಷಕ್ಕೆ ಬೆಂಗಳೂರಿನ ಬ್ಯಾಂಕಿಗೋ ಕಾರ್ಖಾನೆಗೋ ಹೋಗುವುದು ದೊಡ್ಡ ಫರ್ಮ್ ಸಿಗದವರಿಗೆ ಒಳ್ಳೆಯ ದಾರಿ. ಆದರೂ ಬಳಸಿಕೊಳ್ಳುವವರು ಕಡಿಮೆ. ಪ್ರಿನ್ಸಿಪಾಲರಿಗೆ ತಿಂಗಳುಗಳ ಮೊದಲೇ ತಿಳಿಸಬೇಕಾಗಿರುವುದರಿಂದ ಸೇರುವಾಗಲೇ ಈ ಮಾತು ಆಡಿಟ್ಟುಕೊಳ್ಳುವುದು ಮೇಲು.

ಸ್ಟೈಪೆಂಡ್ ಮತ್ತು ಮನೆಯ ಖರ್ಚು

ಊರಿನ ಜನಸಂಖ್ಯೆ ಮತ್ತು ತರಬೇತಿಯ ವರ್ಷ ನೋಡಿ ಐಸಿಎಐ ಕನಿಷ್ಠ ಸ್ಟೈಪೆಂಡ್ ಗೊತ್ತುಪಡಿಸುತ್ತದೆ. ಅದನ್ನು ತಿಂಗಳು ತಿಂಗಳು ವಿದ್ಯಾರ್ಥಿಯ ಬ್ಯಾಂಕ್ ಖಾತೆಗೇ ಹಾಕಬೇಕು. ಸಣ್ಣ ಕಚೇರಿಗಳಲ್ಲಿ ಸಿಗುವುದು ಆ ಕನಿಷ್ಠ ಅಥವಾ ಸ್ವಲ್ಪ ಹೆಚ್ಚು. ಬೆಂಗಳೂರಿನಲ್ಲಿ ಪಿಜಿ ಬಾಡಿಗೆಗೂ ಅದು ಸಾಲದು. ಹೀಗಾಗಿ ಹೊರಗಿನಿಂದ ಬಂದ ಮಗುವಿಗೆ ಎರಡು ವರ್ಷ ಮನೆಯಿಂದಲೇ ಹಣ ಕಳಿಸಬೇಕಾಗುತ್ತದೆ ಎಂದು ಲೆಕ್ಕ ಹಾಕಿಟ್ಟುಕೊಳ್ಳುವುದು ಒಳಿತು. ಸಮಾಜದ ವಿದ್ಯಾರ್ಥಿ ನಿಲಯಗಳಲ್ಲಿ ಜಾಗ ಕೇಳುವಾಗ ಕಾಲೇಜಿನ ಗುರುತಿನ ಚೀಟಿ ಇಲ್ಲದಿದ್ದರೂ ಐಸಿಎಐ ನೋಂದಣಿ ಪತ್ರವನ್ನು ತೋರಿಸಿ ಕೇಳಬಹುದು. ಸಿಎ ವಿದ್ಯಾರ್ಥಿಯೂ ವಿದ್ಯಾರ್ಥಿಯೇ. ಅಂಕ ಮತ್ತು ಕುಟುಂಬದ ಆದಾಯ ನೋಡಿ ಕೊಡುವ ವಿದ್ಯಾರ್ಥಿವೇತನಗಳು ಐಸಿಎಐನಲ್ಲೇ ಇವೆ, ಅರ್ಜಿ ಹಾಕುವವರು ಬೇಕು. ಬೆಂಗಳೂರಿನ ಹೊರಗೆ ಮೈಸೂರು, ಮಂಗಳೂರು, ಉಡುಪಿ, ಹುಬ್ಬಳ್ಳಿ, ಬೆಳಗಾವಿ, ಬಳ್ಳಾರಿ, ಕಲಬುರಗಿಗಳಲ್ಲೂ ಐಸಿಎಐ ಶಾಖೆಗಳಿವೆ. ಇಂಥ ವಿಚಾರಣೆಗೆ ಬೆಂಗಳೂರಿಗೇ ಓಡಬೇಕಾಗಿಲ್ಲ.

ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು. ಹೆಸರಿಗೆ ಮಾತ್ರ ಆರ್ಟಿಕಲ್‌ಶಿಪ್ ಎಂಬುದೊಂದು ನಡೆಯುತ್ತದೆ. ಕಾಗದದಲ್ಲಿ ಸೇರಿರುತ್ತಾರೆ, ಕಚೇರಿಗೆ ಹೋಗುವುದಿಲ್ಲ, ಮನೆಯಲ್ಲಿ ಕೂತು ಓದುತ್ತಾರೆ. ಪರಿಚಯದ ಆಡಿಟರ್ ಇದ್ದಾಗ ಪೋಷಕರೇ ಇದನ್ನು ಉಪಕಾರವೆಂದು ಕೇಳುವುದುಂಟು. ಐಸಿಎಐ ಇದನ್ನು ನಿಯಮಭಂಗವೆಂದು ನೋಡುತ್ತದೆ. ಸಿಕ್ಕಿಬಿದ್ದರೆ ತರಬೇತಿಯ ಅವಧಿಯೇ ರದ್ದಾಗಬಹುದು, ಸಹಿ ಹಾಕಿದ ಆಡಿಟರ್ ಮೇಲೂ ಶಿಸ್ತು ಕ್ರಮ ಬರುತ್ತದೆ. ಸಿಕ್ಕಿಬೀಳದಿದ್ದರೂ ಮೊದಲ ಸಂದರ್ಶನದಲ್ಲಿ ‘ನೀವು ಮಾಡಿದ ಒಂದು ಆಡಿಟ್ ವಿವರಿಸಿ’ ಎಂದಾಗ ಬಾಯಿ ಕಟ್ಟುತ್ತದೆ. ಇಲ್ಲದ ಕೆಲಸಕ್ಕೆ ಹಾಜರಿ ಹಾಕಿಸಿಕೊಂಡವರು ನಾಳೆ ಊರಿನವರ ಲೆಕ್ಕ ಸರಿಯಿದೆ ಎಂದು ಸಹಿ ಹಾಕುವವರು.

ಸಿಎ ಅಲ್ಲದವರಿಗೆ

ಸಿಎ ಎಲ್ಲರಿಗೂ ಅಲ್ಲ, ಎಲ್ಲರಿಗೂ ಬೇಕಾಗಿಯೂ ಇಲ್ಲ. ವೆಚ್ಚ ಲೆಕ್ಕದ ಸಿಎಂಎ ಓದುವವರಿಗೆ 15 ತಿಂಗಳ, ಕಂಪನಿ ಸೆಕ್ರೆಟರಿ ಓದುವವರಿಗೆ 21 ತಿಂಗಳ ಪ್ರಾಯೋಗಿಕ ತರಬೇತಿ ಇದೆ. ಎಸಿಸಿಎ ಎಂಬ ಬ್ರಿಟಿಷ್ ಪದವಿ ಈಗ ಬೆಂಗಳೂರಿನ ಕಾಲೇಜುಗಳಲ್ಲಿ ಬಹಳ ಕೇಳಿಬರುತ್ತದೆ. ಅದಕ್ಕೆ 36 ತಿಂಗಳ ಕೆಲಸದ ಅನುಭವ ಬೇಕು, ಆದರೆ ಅದನ್ನು ಸಂಬಳದ ನೌಕರಿಯಲ್ಲೇ ಪಡೆಯಬಹುದು. ಎಸಿಸಿಎ ಆದವರು ಭಾರತದಲ್ಲಿ ಆಡಿಟ್ ವರದಿಗೆ ಸಹಿ ಹಾಕುವಂತಿಲ್ಲ. ಶುಲ್ಕ ಕಟ್ಟುವ ಮೊದಲು ಇದು ಗೊತ್ತಿರಲಿ.

ಬಿ.ಕಾಂ., ಬಿಬಿಎ ಓದುತ್ತಿರುವವರಿಗೆ ಬೆಂಗಳೂರಿನಲ್ಲಿರುವ ವಿದೇಶಿ ಬ್ಯಾಂಕುಗಳ, ಹೂಡಿಕೆ ಸಂಸ್ಥೆಗಳ ಕಚೇರಿಗಳು ದೊಡ್ಡ ಅವಕಾಶ. ಗೋಲ್ಡ್‌ಮನ್ ಸ್ಯಾಕ್ಸ್, ಜೆಪಿ ಮಾರ್ಗನ್, ನಾರ್ದರ್ನ್ ಟ್ರಸ್ಟ್, ಸ್ಟೇಟ್ ಸ್ಟ್ರೀಟ್ ಇಂಥವು ಇಲ್ಲಿಂದಲೇ ಹೊರದೇಶದ ನಿಧಿಗಳ, ವಹಿವಾಟುಗಳ ಲೆಕ್ಕ ನೋಡಿಕೊಳ್ಳುತ್ತವೆ. ಇಲ್ಲಿ ಇಂಟರ್ನ್‌ಗಳನ್ನು ತೆಗೆದುಕೊಳ್ಳುವುದು ಹೆಚ್ಚಾಗಿ ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗದ ಮೂಲಕ. ಜಿಲ್ಲಾ ಕೇಂದ್ರದ ಕಾಲೇಜುಗಳಿಗೆ ಅವರು ಬರುವುದು ಅಪರೂಪ, ಆದ್ದರಿಂದ ಅಲ್ಲಿಯ ವಿದ್ಯಾರ್ಥಿಗಳು ಕಂಪನಿಗಳ ಜಾಲತಾಣದಲ್ಲಿ ನೇರವಾಗಿ ಅರ್ಜಿ ಹಾಕಬೇಕಾಗುತ್ತದೆ. ಸಂದರ್ಶನದಲ್ಲಿ ಕೇಳುವುದು ಎರಡೇ: ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ವಿವರಿಸಲು ಬರುತ್ತದೆಯೇ, ಎಕ್ಸೆಲ್ ನಿಜವಾಗಿ ಗೊತ್ತಿದೆಯೇ. ಪಿವಟ್ ಟೇಬಲ್, ಲುಕಪ್ ಸೂತ್ರಗಳು, ಎರಡು ಪಟ್ಟಿಗಳ ತಾಳೆ ಇವಿಷ್ಟನ್ನು ಮನೆಯ ಅಂಗಡಿಯ ಮೂರು ತಿಂಗಳ ಬಿಲ್ಲುಗಳ ಮೇಲೇ ಅಭ್ಯಾಸ ಮಾಡಬಹುದು. ಊರಿನ ಬಸದಿ ಟ್ರಸ್ಟಿನ ಅಥವಾ ಯುವಕ ಸಂಘದ ಜಮಾ-ಖರ್ಚನ್ನು ಒಂದು ವರ್ಷ ಟ್ಯಾಲಿಯಲ್ಲಿ ಬರೆದು, ಬ್ಯಾಂಕ್ ಪಾಸ್‌ಬುಕ್ಕಿನೊಂದಿಗೆ ತಾಳೆ ಮಾಡಿ, ಅಢಾವೆ ಪತ್ರಿಕೆ ತಯಾರಿಸಿ ಆಡಿಟರ್ ಮುಂದೆ ಇಟ್ಟ ಹುಡುಗಿಗೆ ಸಂದರ್ಶನದಲ್ಲಿ ಹೇಳಲು ಸ್ವಂತದ್ದೊಂದು ಇರುತ್ತದೆ. ಟ್ರಸ್ಟಿಗೂ ಲಾಭ. ಟ್ಯಾಲಿಯೇನೂ ಹೊರಗಿನದ್ದಲ್ಲ, 1986ರಲ್ಲಿ ಆರಂಭವಾದ ಬೆಂಗಳೂರಿನದೇ ಕಂಪನಿ.

ಕೇಂದ್ರ ಸರ್ಕಾರದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ದೊಡ್ಡ 500 ಕಂಪನಿಗಳಲ್ಲಿ 12 ತಿಂಗಳ ತರಬೇತಿ. ಆಗ ಪ್ರಕಟವಾದ ನಿಯಮಗಳಂತೆ ವಯಸ್ಸು 21ರಿಂದ 24, ಕುಟುಂಬದ ವಾರ್ಷಿಕ ಆದಾಯ ಎಂಟು ಲಕ್ಷ ರೂಪಾಯಿ ಮೀರಬಾರದು, ತಿಂಗಳಿಗೆ 5,000 ರೂಪಾಯಿ ನೆರವು. ಸಿಎ, ಎಂಬಿಎ ಆದವರಿಗೆ ಇದು ಇಲ್ಲ, ಸಾದಾ ಬಿ.ಕಾಂ. ಪದವೀಧರರಿಗೆ ಇದೆ. ನಿಯಮಗಳು ಸುತ್ತಿನಿಂದ ಸುತ್ತಿಗೆ ಬದಲಾಗಬಹುದು, ಅರ್ಜಿ ಹಾಕುವಾಗ ಪೋರ್ಟಲಿನಲ್ಲಿ ಇರುವುದನ್ನೇ ನೋಡಬೇಕು. ನೋಂದಣಿಗೆ ಶುಲ್ಕ ಇಲ್ಲ.

ಈ ಕೊನೆಯ ಮಾತನ್ನು ಎಲ್ಲ ಇಂಟರ್ನ್‌ಶಿಪ್‌ಗಳಿಗೂ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಕೆಲಸ ಕಲಿಸುವ ಕಚೇರಿ ಕಲಿಯುವವನಿಂದ ಹಣ ಕೇಳುವುದಿಲ್ಲ. ‘ಹೂಡಿಕೆ ಬ್ಯಾಂಕಿಂಗ್ ಇಂಟರ್ನ್‌ಶಿಪ್, ನೋಂದಣಿಗೆ ಇಷ್ಟು ಸಾವಿರ, ಮುಗಿದ ಮೇಲೆ ಪ್ರಮಾಣಪತ್ರ’ ಎಂಬ ಸಂದೇಶ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬಂದರೆ ಅದು ಪ್ರಮಾಣಪತ್ರದ ಮಾರಾಟ. ಇನ್ನು ಕೆಲವು ಕಡೆ ಇಂಟರ್ನ್ ಎಂದು ಸೇರಿಸಿಕೊಂಡು ನೆಂಟರಿಷ್ಟರಿಗೆ ವಿಮೆ ಮಾರಿಸಲು, ಡಿಮ್ಯಾಟ್ ಖಾತೆ ತೆರೆಸಲು ಗುರಿ ಕೊಡುತ್ತಾರೆ. ಸಮಾಜದಲ್ಲಿ ನೆಂಟಸ್ತಿಕೆ ಹೆಚ್ಚಿರುವವರ ಮಕ್ಕಳ ಮೇಲೆ ಇಂಥವರ ಕಣ್ಣು ಬೇಗ ಬೀಳುತ್ತದೆ.

ಆರ್ಟಿಕಲ್‌ಶಿಪ್ ಸೇರುವವರು ಮೊದಲ ತಿಂಗಳು ಮರೆಯಬಾರದ್ದು ಕಾಗದದ ಕೆಲಸ. ಸೇರಿದ ದಿನದಿಂದ 30 ದಿನದೊಳಗೆ ನೋಂದಣಿ ಅರ್ಜಿ ಐಸಿಎಐಗೆ ತಲುಪಬೇಕು. ಕಚೇರಿಯಲ್ಲಿ ಎಲ್ಲರೂ ಕೆಲಸದಲ್ಲಿ ಮುಳುಗಿರುವುದರಿಂದ ಇದು ಹಿಂದೆ ಬೀಳುವುದುಂಟು, ಆಮೇಲೆ ದಂಡ ಶುಲ್ಕ, ವಿವರಣೆ ಪತ್ರ. ಪ್ರಿನ್ಸಿಪಾಲರಿಗೆ ವಿದ್ಯಾರ್ಥಿಯೇ ವಿನಯದಿಂದ ನೆನಪಿಸಬೇಕು, ಅರ್ಜಿ ಅಂಗೀಕಾರವಾಯಿತೇ ಎಂದು ಐಸಿಎಐನ ಸ್ವಸೇವಾ ಪೋರ್ಟಲಿನಲ್ಲಿ ತಾನೇ ನೋಡಬೇಕು, ನೋಂದಣಿ ಪತ್ರದಲ್ಲಿ ಸೇರಿದ ದಿನಾಂಕ ಸರಿಯಾಗಿದೆಯೇ ಎಂದು ಪರೀಕ್ಷಿಸಿ ಒಂದು ಪ್ರತಿಯನ್ನು ಮನೆಗೆ ಕಳಿಸಿಡಬೇಕು. ಫೈನಲ್ ಪರೀಕ್ಷೆ ಯಾವ ತಿಂಗಳು ಬರೆಯಬಹುದು ಎಂಬ ಲೆಕ್ಕ ಶುರುವಾಗುವುದು ಆ ದಿನಾಂಕದಿಂದ.